ಅವ್ವನ ಮಣೆಗೆ ಅರ್ಧ ಲೀಟರ್ ಹಾಲು

ನಮ್ಮ ಮನೆಯಲ್ಲಿ ಹಾಲು ಒಡೆದರೆ ನನ್ನ ಹೆಂಡತಿ ಸುಮಿತ್ರಾ ಮೊದಲು ಪಾತ್ರೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಬೇರೆಯವರ ಮನೆಯಲ್ಲಾದರೆ ಚಹಾ ತಪ್ಪಿತಲ್ಲ ಎಂದು ಗಂಡನ ಮುಖ ಬಾಡುತ್ತದೆ. ನನ್ನದು ಅರಳುತ್ತದೆ. ಎಷ್ಟು ತಡೆದರೂ ನಗು ಬಂದೇ ಬರುತ್ತದೆ. "ನಗಬ್ಯಾಡ್ರಿ. ಈ ಸಲ ಇದನ್ನ ಯಾವ ಸಾಮಾನಿಗೂ ಹಚ್ಚಾಕ ಬಿಡೂದಿಲ್ಲ ನಾ" ಎಂದು ಅವಳು ಪಾತ್ರೆಗೆ ಸೆರಗು ಮುಚ್ಚಿಕೊಂಡು ಒಳಗೆ ಒಯ್ಯುತ್ತಾಳೆ. ಮನೆಗೆ ಬಂದವರು ಇದನ್ನು ನೋಡಿ ಏನೆಂದುಕೊಳ್ಳುತ್ತಾರೋ ಏನೋ. ನಿಮಗಾದರೆ ಹೇಳಿಬಿಡುತ್ತೇನೆ, ನೀವೇನು ಹೊರಗಿನವರೇ?

ನಾನು ಮೂಡಲಗಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದು, ಈಗ ಗೋಕಾಕದಲ್ಲಿ ನಿವೃತ್ತನಾಗಿ ಕೂತವನು. ಡ್ರಾಯಿಂಗ್ ಮಾಸ್ತರ ಎಂದರೆ ಯಾರೆಂದು ಗೊತ್ತಲ್ಲ? ಗಣಿತದ ಮಾಸ್ತರರು ಬಾರದ ದಿನ ಗದ್ದಲವಾಗದಂತೆ ನೋಡಿಕೊಳ್ಳುವವನು. ಕಾರ್ಯಕ್ರಮದ ಫಲಕ ಬರೆಯುವವನು. ಫಲಕದಲ್ಲಿ ಅತಿಥಿಗಳ ಹೆಸರಿನ ಒತ್ತಕ್ಷರ ತಪ್ಪಿದರೆ ಬೈಸಿಕೊಳ್ಳುವವನು. ನಾನು ಕಲಿಸಿದ ಮಕ್ಕಳಲ್ಲಿ ಒಬ್ಬನೂ ಚಿತ್ರಗಾರನಾಗಲಿಲ್ಲ. ಆದರೂ ಬಣ್ಣದ ಮಾತು ಬಂದರೆ ನನ್ನ ಎದೆ ಒಂದು ಗೇಣು ಉಬ್ಬುತ್ತದೆ. ಮುಂದೆ ಆದದ್ದಕ್ಕೆಲ್ಲ ಆ ಒಂದು ಗೇಣೇ ಕಾರಣ.

ನಮ್ಮ ಅವ್ವನದೊಂದು ಮಣೆ ಇತ್ತು. ಮಸಗುಪ್ಪಿಯ ನಮ್ಮ ಮನೆಯಲ್ಲಿ ನಾವು ಹುಟ್ಟುವ ಮೊದಲಿನಿಂದಲೂ ಇದ್ದದ್ದು. ಸಾಗವಾನಿ ಕಟ್ಟಿಗೆ, ಗೇಣೆತ್ತರ, ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆಯ ಹೂ. ಮೈಗೆ ತಿಳಿನೀಲಿ ಬಣ್ಣ. ಮಂದಿ ಕೂತೂ ಕೂತೂ ನಡುವಿನ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು. ಒಂದು ಕಾಲು ತುಸು ಗಿಡ್ಡ, ಹಾಗಾಗಿ ಯಾರು ಕೂತರೂ "ಟಕ್" ಎನ್ನುತ್ತಿತ್ತು. ನಮ್ಮ ಮನೆತನದಲ್ಲಿ ಮದುವೆಯ ಅರಿಶಿನಕ್ಕೆ ಹೆಣ್ಣಾಗಲಿ ಗಂಡಾಗಲಿ ಆ ಮಣೆಯ ಮೇಲೆಯೇ ಕೂರಬೇಕು. ಅದು ಟಕ್ ಎಂದ ಕೂಡಲೇ ಹೆಂಗಸರೆಲ್ಲ "ಹೂಂ ಅಂತು, ಹೂಂ ಅಂತು" ಎಂದು ಕೂಗುತ್ತಿದ್ದರು. ಮಣೆ ಹೂಂ ಎಂದರೆ ಮದುವೆಗೆ ಹಿರಿಯರ ಒಪ್ಪಿಗೆ ಸಿಕ್ಕಂತೆ. ನನ್ನ ಅರಿಶಿನದ ದಿನ ಅದು ಎರಡು ಸಲ ಟಕ್ ಎಂದಿತಂತೆ. "ಎರಡನೇದು ನನಗ ಹೇಳಿದ್ದು, ಇನ್ನೊಮ್ಮಿ ವಿಚಾರ ಮಾಡವಾ ಅಂತ. ನನಗ ಯಾರೂ ತಿಳಿಸಲೇ ಇಲ್ಲ" ಎಂದು ಸುಮಿತ್ರಾ ಇವತ್ತಿಗೂ ಹೇಳುತ್ತಾಳೆ.

ಆ ಮಣೆಯ ಮೇಲೆ ನನಗಿಂತ ಗಂಗಕ್ಕನ ಜೀವ ಹೆಚ್ಚು. ಗಂಗಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಹುಕ್ಕೇರಿಗೆ ಕೊಟ್ಟ ಅಕ್ಕ. ಅವ್ವ ತನ್ನ ಕೊನೆಗಾಲದಲ್ಲಿ ಮಣೆಯನ್ನು ನನ್ನ ಕೈಗೆ ಕೊಟ್ಟಾಗ ಅಕ್ಕ ಬಾಗಿಲಲ್ಲಿ ನಿಂತು, "ಇವನ ಕೈಯಾಗ ಕೊಡಬ್ಯಾಡ ಬೇ. ಕಟಗಿ ಮಾಡಿ ಒಲ್ಯಾಗ ಇಡ್ತಾನ" ಎಂದಳು. ಅವ್ವ ನಕ್ಕಳು. ನಾನು ಸಿಟ್ಟಾದೆ. ಕಲಾವಿದನಿಗೆ ಆಡುವ ಮಾತೇ ಇದು?

ಅಕ್ಕನದು ಕರಿನಾಲಿಗೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಕರೆಂಟು ಇರಲಿಲ್ಲ. ಹಿತ್ತಿಲಿನ ಹಂಡೆಗೆ ಉರಿ ಹಚ್ಚಿ, ಪಕ್ಕದ ರಾಶಿಯಿಂದ ಮುರಿದ ಕುರ್ಚಿಯ ಕಾಲು, ಹಳೆಯ ಕಿಟಕಿಯ ಚೌಕಟ್ಟು ಅಂತ ಒಂದೊಂದೇ ಒಲೆಗೆ ನೂಕುತ್ತ ಕೂತಿದ್ದೆ. ಹಿಂದಿನ ದಿನ ನಾನೇ ಮಣೆಯನ್ನು ತೊಳೆದು ಆ ರಾಶಿಯ ಮೇಲೆ ಆರಲು ಇಟ್ಟದ್ದು ನೆನಪಿನಲ್ಲಿ ಇರಲಿಲ್ಲ. ಕಿವಿಯಲ್ಲಿ ಫೋನು. ಆ ಕಡೆ ನನ್ನ ಜೊತೆ ಕೆಲಸ ಮಾಡಿದ್ದ ಇತಿಹಾಸದ ಮಾಸ್ತರರು. "ನಮ್ಮ ಮಂದಿಗಿ ಹಳೇ ಸಾಮಾನಿನ ಕಿಮ್ಮತ್ತ ಗೊತ್ತಿಲ್ರಿ ಸರ್. ಬಂಗಾರದಂಥಾ ವಸ್ತು ಮನ್ಯಾಗ ಇರ್ತಾವು, ಕಣ್ಣಿದ್ದೂ ಕುರುಡ್ರು" ಎಂದು ಭಾಷಣ ಮಾಡುತ್ತ, ಮಾತಿನ ಭರದಲ್ಲಿ ಅವ್ವನ ಮಣೆಯನ್ನು ಎತ್ತಿ ಒಲೆಗಿಟ್ಟೆ. ಅವರು ಹೌದು ಹೌದು ಎಂದರು. ನನಗೆ ಇನ್ನೂ ಹುರುಪು ಬಂದು ಕಬ್ಬಿಣದ ಕೋಲಿನಿಂದ ಅದನ್ನು ಒಳಕ್ಕೆ ಚೆನ್ನಾಗಿ ತಳ್ಳಿದೆ. ಅವತ್ತಿನ ಸ್ನಾನ ಎಂಥ ಸ್ನಾನ ಅಂತೀರಿ! ಹಾಡು ಹೇಳಿಕೊಂಡು ಎರಡು ಬಕೆಟ್ಟು ಹೆಚ್ಚು ಸುರಿದುಕೊಂಡೆ.

ಮಧ್ಯಾಹ್ನ ಬೂದಿ ತೆಗೆಯಲು ಹೋದ ಸುಮಿತ್ರಾ ನನ್ನ ಮುಂದೆ ಬಂದು ಅಂಗೈ ಬಿಚ್ಚಿದಳು. ಹೊಗೆ ಹಿಡಿದು ಕಪ್ಪಾದ ನಾಲ್ಕು ಹಿತ್ತಾಳೆಯ ಹೂ.

ಎಂಟು ದಿನ ಆಗಿರಲಿಲ್ಲ, ಅಕ್ಕನ ಫೋನು ಬಂತು. ಮೊಮ್ಮಗಳು ಪಲ್ಲವಿಯ ಮದುವೆ ಗೊತ್ತಾಗಿದೆ, ಬೀಗರು ಅಂಕಲಗಿಯವರು, ಇನ್ನು ಇಪ್ಪತ್ತೇ ದಿನ.

"ಮಣಿ ತಗೊಂಡ ಬಾರೋ ಶಿವ್ಯಾ. ನನ್ನ ಕೈಲೆ ಮಾಡೂ ಕಡೇ ಮದುವಿ ಇದು. ಅವ್ವನ ಮಣಿ ಮ್ಯಾಲ ಆಕಿನ್ನ ಕುಂದರಿಸಿ ಕಣ್ತುಂಬ ನೋಡಬೇಕಾಗೈತಿ. ಮಣಿ ಚಲೋ ಐತಿಲ್ಲೋ?"

"ಐತಿ ಅಕ್ಕಾ, ಬೆಚ್ಚಗ ಇಟ್ಟೇನಿ" ಎಂದೆ.

ನಾನು ಬೇಕೆಂದು ಹಾಗೆ ಹೇಳಲಿಲ್ಲ. ಬಾಯಿಗೆ ಬಂದದ್ದೇ ಅದು. ಸುಮಿತ್ರಾ ಹಣೆ ಹಣೆ ಬಡಿದುಕೊಂಡಳು. "ಖರೆ ಹೇಳಿಬಿಡ್ರಿ. ಎರಡ ಮಾತ ಬೈತಾರು, ಮುಗೀತು" ಎಂದಳು. ಎರಡು ಮಾತಿಗೆ ನಾನು ಹೆದರುವವನಲ್ಲ. ಆದರೆ ಅಕ್ಕ ಬೈಯದೆ ಸುಮ್ಮನೆ ಕೂತುಬಿಟ್ಟರೆ? ಎಪ್ಪತ್ತು ದಾಟಿದ ಜೀವ, ಮೊಮ್ಮಗಳ ಮದುವೆಯ ಸಂಭ್ರಮದಲ್ಲಿದೆ. ಆ ಸಂಭ್ರಮವನ್ನೂ ನಾನೇ ಒಲೆಗೆ ಇಡಲೇ? ನನ್ನಿಂದ ಆಗಲಿಲ್ಲ.

ಆಗ ಫೋನಿನಲ್ಲಿ ಒಬ್ಬ ಪರದೇಶದ ಮನುಷ್ಯ ಕಾಣಿಸಿಕೊಂಡ. ಮೊಣಕಾಲ ತನಕ ಬೂಟು, ಗಡ್ಡ, ಮುಂದೆ ಹೊಚ್ಚ ಹೊಸ ಮೇಜು. ಅದಕ್ಕೆ ಹಾಲಿನಿಂದ ಮಾಡಿದ ಬಣ್ಣ ಬಳಿದು, ಅಲ್ಲಲ್ಲಿ ಮೇಣ ತಿಕ್ಕಿ, ಕೆರೆದು, ಒಂದೇ ದಿನದಲ್ಲಿ ಅದನ್ನು ನೂರು ವರ್ಷದ ಮೇಜು ಮಾಡಿಬಿಟ್ಟ. ನಾನು ಕುಣಿದಾಡಿದೆ. ಸುಮಿತ್ರಾಳಿಗೂ ತೋರಿಸಿದೆ. ಅವಳು ಪೂರ್ತಿ ನೋಡಿ, "ಹೊಸಾದನ್ನ ಹಳೇದ ಮಾಡಾಕ ಇಷ್ಟ ಕಷ್ಟಾ ಪಡ್ತಾನನ ಅಂವಾ? ನಮ್ಮ ಮನ್ಯಾಗ ನಾಲ್ಕ ದಿನ ಇಟ್ಟ ಹೋಗ ಅನ್ರಿ" ಎಂದಳು.

ಯಮಕನಮರಡಿಯಲ್ಲಿ ಈರಣ್ಣ ಬಡಿಗೇರ ಎಂಬವರಿದ್ದಾರೆ. ಹೆದ್ದಾರಿಯ ಬಾಜೂ ಅವರ ಕೆಲಸದ ಛಾವಣಿ. ಮಣೆಯ ಅಳತೆ ಕೊಟ್ಟೆ. ಚಂದ ಮಾಡಿಕೊಟ್ಟರು. ಆ ನಾಲ್ಕು ಹಿತ್ತಾಳೆಯ ಹೂಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಒಯ್ದಿದ್ದೆ, ಅವನ್ನೂ ಮೂಲೆಗೆ ಕೂರಿಸಿದರು. ಕಡೆಗೆ ನಾನು ಮೆಲ್ಲಗೆ, "ಒಂದ ಕಾಲ ಸ್ವಲ್ಪ ಗಿಡ್ಡ ಮಾಡ್ರಿ, ಕುಂತ್ರ ಅಲುಗಾಡಬೇಕು" ಎಂದೆ.

ಈರಣ್ಣ ಉಳಿಯನ್ನು ಕೆಳಗಿಟ್ಟರು. "ಮಾಸ್ತರ್ರ, ನಾ ಮಾಡಿದ ಮಣಿ ಅಲುಗಾಡೂದಿಲ್ರಿ. ಅಲುಗಾಡಿಸೂದಿದ್ರ ನೀವ ಅಲುಗಾಡಿಸಿಕೋರಿ. ನನ್ನ ಹೆಸರ ಮಾತ್ರ ಎಲ್ಲೂ ಹೇಳಬ್ಯಾಡ್ರಿ."

ಮನೆಗೆ ತಂದು ನಾನೇ ಪಾಲಿಶ್ ಕಾಗದ ಹಿಡಿದು ಒಂದು ಕಾಲು ತಿಕ್ಕಿದೆ. ಹೆಚ್ಚಾಯಿತು. ಸರಿದೂಗಿಸಲು ಇನ್ನೊಂದನ್ನು ತಿಕ್ಕಿದೆ. ಅದೂ ಹೆಚ್ಚಾಯಿತು. ಅಂತೂ ಟಕ್ ಎನ್ನುವ ಹೊತ್ತಿಗೆ ಗೇಣೆತ್ತರದ ಮಣೆ ಎರಡು ಬೆರಳು ಕುಗ್ಗಿತ್ತು. ವಯಸ್ಸಾದ ಮೇಲೆ ಎಲ್ಲರೂ ಕುಗ್ಗುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಇನ್ನು ಹಾಲಿನ ಬಣ್ಣ. ಇದು ತಯಾರಾಗಿಯೇ ಸಿಗಬಹುದು ಎಂದು ಬಣ್ಣದ ಅಂಗಡಿಗೆ ಫೋನು ಮಾಡಿದೆ.

"ಹಾಲಿನ ಬಣ್ಣ ಐತೇನ್ರಿ?"

"ಐತಲ್ರಿ. ಬೇಕಾದ್ದೈತಿ. ಎಷ್ಟ ದೊಡ್ಡದೈತ್ರಿ ಹಾಲು?"

"ಅರ್ಧ ಲೀಟರ್ ರಿ."

ಅಂಗಡಿಯವರ ದನಿ ಇಳಿಯಿತು. "ಸರ್, ಹಾಲ್ ಅಂದ್ರ ಮಂದಿ ಕುಂದರೂ ಹಾಲ್ ಹೌದಲ್ರಿ?" "ಅಲ್ರಿ, ಮಂದಿ ಕುಡಿಯೂ ಹಾಲು." ಫೋನು ಇಟ್ಟುಬಿಟ್ಟರು.

ಸರಿ, ನಾನೇ ಮಾಡಿದೆ. ಮೊದಲ ದಿನ ಮನೆಗೆ ಬರುವ ಎಮ್ಮೆಯ ಗಟ್ಟಿ ಹಾಲನ್ನೇ ನಿಂಬೆ ಹಿಂಡಿ ಒಡೆಸಿದೆ. ಬೆಣ್ಣೆಯ ಜಿಡ್ಡಿಗೆ ಬಣ್ಣ ಹಿಡಿಯಲೇ ಇಲ್ಲ. ಬೆಕ್ಕಿಗೆ ಮಾತ್ರ ಬಹಳ ಹಿಡಿಸಿತು. ಮಣೆಯನ್ನು ಅದು ನೆಕ್ಕಿ ಫಳಫಳ ಹೊಳೆಯಿಸಿಟ್ಟಿತ್ತು. ಎರಡನೆಯ ದಿನ ಇರುವೆಗಳು ಬಂದವು. "ಚಹಾಕ್ಕ ಹಾಲಿಲ್ಲ, ಮಣಿಗಿ ಹಾಲು. ನಾಳೆ ಇದಕ್ಕ ಬೂಸ್ಟ್ ಹಾಕ್ರಿ" ಎಂದು ಸುಮಿತ್ರಾ ಕರಿ ಚಹಾ ತಂದು ಕುಕ್ಕಿದಳು. ಮೂರನೆಯ ಸಲ ಕೆನೆ ತೆಗೆದ ಹಾಲು ಒಡೆಸಿ, ಗಡ್ಡೆಯನ್ನು ಬಟ್ಟೆಯಲ್ಲಿ ಹಿಂಡಿ, ಅರಳಿಸಿದ ಸುಣ್ಣಕ್ಕೆ ಕಲೆಸಿ, ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು ತಿರುವತೊಡಗಿದೆ.

ತಿರುವುತ್ತಿದ್ದ ಕೈ ತಾನಾಗಿ ನಿಂತಿತು. ಆ ವಾಸನೆ! ಹುಳಿ ಹುಳಿ, ಬಿಸಿ ಬಿಸಿ, ಮೂಗಿನ ತುದಿಗೆ ಚುಚ್ಚುವ ವಾಸನೆ. ಅದು ನನಗೆ ಗೊತ್ತಿತ್ತು.

ಪಂಚಮಿ ಹತ್ತಿರ ಬಂತೆಂದರೆ ಅವ್ವ ಮನೆಗೆ ಸುಣ್ಣ ಬಳಿಯುತ್ತಿದ್ದಳು. ಗೋಡೆಗೆ ಒರಗಿದರೆ ಅಂಗಿಗೆ ಹತ್ತದಿರಲಿ ಎಂದು ಒಡೆದ ಹಾಲನ್ನು ಅದಕ್ಕೆ ಸುರಿಯುತ್ತಿದ್ದಳು. ಅದನ್ನು ತಿರುವುವ ಕೆಲಸ ಗಂಗಕ್ಕನದು. ಉಳಿದ ಸುಣ್ಣಕ್ಕೆ ನೀಲಿ ಹಾಕಿ ಕೈಗೆ ಸಿಕ್ಕದ್ದಕ್ಕೆಲ್ಲ ಬಳಿಯುತ್ತಿದ್ದರು: ಬಾಗಿಲು, ಗೂಡು, ತೊಟ್ಟಿಲು, ಈ ಮಣೆ. ಎಳೆಗರುವೊಂದು ಅಡ್ಡ ಬಂದು ಅದರ ಬಾಲವೂ ನೀಲಿಯಾಗಿತ್ತು. ಗಡ್ಡದವನು ಫೋನಿನಲ್ಲಿ ಹೊಸದಾಗಿ ಕಂಡುಹಿಡಿದವನಂತೆ ಹೇಳಿದ್ದು ನಮ್ಮ ಅವ್ವ ಮಾಡಿ ಬಿಟ್ಟ ಕೆಲಸ. ನನಗೆ ಹುಚ್ಚು ಖುಷಿಯಾಯಿತು. ನಾನು ಮಾಡುತ್ತಿದ್ದದ್ದು ಸುಳ್ಳು ಮಣೆ, ಆದರೆ ಬಣ್ಣ ಮಾತ್ರ ಅಸಲಿ.

ಅದೇ ಸುಣ್ಣದ ಗೋಡೆಯ ಮೇಲೆ ನಾನು ನನ್ನ ಮೊದಲ ಚಿತ್ರ ಬರೆದದ್ದು. ಆರು ವರ್ಷದವನಿದ್ದೆ. ಗೋಡೆ ಇನ್ನೂ ಹಸಿ ಇರುವಾಗಲೇ ಇದ್ದಿಲು ತೆಗೆದುಕೊಂಡು ದೊಡ್ಡದೊಂದು ಆನೆ ಬರೆದೆ. ಸಂಜೆ ಅಪ್ಪ ಹೊಲದಿಂದ ಬಂದು ಬಾರುಕೋಲು ಕೈಯಲ್ಲಿ ಹಿಡಿದು, "ಯಾರ ಕೆಲಸ ಇದು?" ಎಂದ. ನನ್ನ ಚಡ್ಡಿ ಒದ್ದೆಯಾಯಿತು. ಗಂಗಕ್ಕ ಮುಂದೆ ಬಂದು, "ನಾನ ಬರದೇನಪ್ಪಾ" ಎಂದಳು.

"ನಿನಗ ಆನಿ ಬರಿಯಾಕ ಎಲ್ಲಿ ಬರ್ತೈತಿ?"

"ಅದು ಆನಿ ಅಲ್ಲಪ್ಪಾ, ಎಮ್ಮಿ. ಕೆಟ್ಟೈತಿ."

ಅಪ್ಪ ಗೋಡೆ ನೋಡಿ ನಕ್ಕುಬಿಟ್ಟ. ಬಾರುಕೋಲು ಗೂಟಕ್ಕೆ ಹೋಯಿತು. ನನ್ನ ಚಿತ್ರಕಲೆಗೆ ಸಿಕ್ಕ ಮೊದಲ ವಿಮರ್ಶೆ ಅದು, ಅದಕ್ಕಿಂತ ಸರಿಯಾದದ್ದು ಆಮೇಲೂ ಬರಲಿಲ್ಲ.

ಬಣ್ಣ ಬಳಿದೆ. ಆರಿದ ಮೇಲೆ ನಡುವೆ, ಮಂದಿ ಕೂರುವಲ್ಲಿ, ಪಾಲಿಶ್ ಕಾಗದದಿಂದ ಕೆರೆದೆ. ಅಂಚಿಗೆ ಮೇಣದ ಬತ್ತಿ ತಿಕ್ಕಿ ಬಣ್ಣ ಎದ್ದುಹೋಗುವಂತೆ ಮಾಡಿದೆ. ಚಹಾದ ಚರಟದ ನೀರು ಚಿಮುಕಿಸಿದೆ. ದೂರ ನಿಂತು ನೋಡಿದರೆ ಅವ್ವನ ಮಣೆಯೇ! ಗಡ್ಡದವನು ಕಡೆಯಲ್ಲಿ, ಎಣ್ಣೆ ಹಚ್ಚಿ ತಿಂಗಳೊಪ್ಪತ್ತು ಬಿಡಿ, ಸುಣ್ಣದ ಕಾವು ಇಳಿಯಬೇಕು ಎಂದು ಏನೋ ಹೇಳುತ್ತಿದ್ದ. ನನ್ನ ಹತ್ತಿರ ಉಳಿದದ್ದು ನಾಲ್ಕು ದಿನ. ಅಷ್ಟಕ್ಕೇ ಫೋನು ಮುಚ್ಚಿದೆ.

ಹುಕ್ಕೇರಿಯಲ್ಲಿ ಅಕ್ಕ ಮಣೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಹಿತ್ತಾಳೆಯ ಹೂಗಳನ್ನು ಒಂದೊಂದಾಗಿ ಸವರಿದಳು. ನೆಲಕ್ಕಿಟ್ಟು ಕೂತಳು. ಟಕ್. "ಹೂಂ ಅಂತು" ಎಂದು ನಕ್ಕಳು. ಮೂಸಿ ನೋಡಿ, "ಅವ್ವನ ವಾಸನಿ ಇನ್ನೂ ಐತಿ ನೋಡು" ಎಂದಳು. ನಾನು ಸುಮಿತ್ರಾಳ ಕಡೆ ಹುಬ್ಬು ಹಾರಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

ಮರುದಿನ ಅಂಗಳದಲ್ಲಿ ಸುರಗಿ, ಅಂದರೆ ಅರಿಶಿನ ಹಚ್ಚಿ ನೀರೆರೆಯುವ ಶಾಸ್ತ್ರ. ನಾಲ್ಕು ಮೂಲೆಗೆ ಚರಿಗೆ ಇಟ್ಟು, ನೂಲು ಸುತ್ತಿ, ನಡುವೆ ಮಣೆ ಹಾಕಿದರು. ಬಿಳಿ ಸೀರೆಯುಟ್ಟ ಪಲ್ಲವಿ ಕೂತಳು. ಟಕ್. "ಮುತ್ಯಾ, ಹೂಂ ಅಂತು!" ಎಂದು ನನ್ನ ಕಡೆ ಕೈ ಬೀಸಿದಳು. ಎಲ್ಲರೂ ಕೂಗಿದರು, ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಅಂಕಲಗಿಯ ಬೀಗತಿ, ಅವರ ಕಡೆಯ ಹೆಂಗಸರು, ನಮ್ಮವರು, ಎಲ್ಲ ಸೇರಿ ಹುಡುಗಿಗೆ ಅಂಗೈ ಅಂಗೈ ಅರಿಶಿನ ಬಳಿದರು. ನೀರು ಸುರಿದರು. ಹಾಡು, ನಗೆ, ಗದ್ದಲ. ಕಡೆಗೆ ಪಲ್ಲವಿ ಎದ್ದು ನಿಂತಳು.

ಸೀರೆಯ ಹಿಂಬದಿ ಕೆಂಪು. ಕಡು ಕೆಂಪು, ತೊಟ್ಟಿಕ್ಕುತ್ತಿತ್ತು.

ಹಾಡು ನಿಂತಿತು. ಬೀಗರ ಕಡೆಯ ಒಬ್ಬ ಮುದುಕಿ ಪಕ್ಕದವಳ ಕಿವಿಯಲ್ಲಿ, "ಹುಡುಗಿ ಹೊರಗಾದ್ಲೇನ?" ಎಂದದ್ದು ಅಂಗಳಕ್ಕೆಲ್ಲ ಕೇಳಿಸಿತು. ಪಲ್ಲವಿ ತಿರುಗಿ ನೋಡಿಕೊಂಡು ಸೀರೆ ಮುದುಡಿಕೊಂಡು ನಿಂತಳು. ಅರಿಶಿನದ ಅಡಿಯಲ್ಲಿ ಅವಳ ಮುಖ ಅಳುವುದಕ್ಕೆ ತಯಾರಾಗುತ್ತಿತ್ತು.

ನನಗೆ ಮಾತ್ರ ಆ ಕ್ಷಣವೇ ತಿಳಿಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಇದಕ್ಕೆ ಡ್ರಾಯಿಂಗ್ ಪರೀಕ್ಷೆ ಪಾಸಾಗಬೇಕಿಲ್ಲ, ಆರತಿಯ ಕೆಂಪು ನೀರು ಕಲೆಸುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ಸಂಗತಿ. ಆದರೆ ಅಲ್ಲಿ ಹಸಿ ಸುಣ್ಣ ಇದೆ ಎಂದು ಯಾರಿಗೆ ಗೊತ್ತು? ಮೂವತ್ತು ವರ್ಷ ಮಕ್ಕಳಿಗೆ ಯಾವ ಬಣ್ಣಕ್ಕೆ ಯಾವುದು ಕೂಡಿದರೆ ಏನಾಗುತ್ತದೆ ಎಂದು ಕಲಿಸಿದ ಮಹಾನುಭಾವ ನಾನು, ಅರಿಶಿನದ ಮಣೆಗೆ ಸುಣ್ಣ ಬಳಿದಿದ್ದೆ!

ಹುಡುಗಿಯ ಮುಖ ನೋಡಲಾಗಲಿಲ್ಲ. ನನ್ನ ಮಾನ ಹೋಗಲಿ ಎಂದು ಮುಂದೆ ಬಂದೆ. "ಅದು ಹಂಗಲ್ರಿ… ಮಣಿಗಿ ನಾ… ಹಾಲು…"

"ನೀ ಸುಮ್ಕಿರೋ" ಎಂದಳು ಗಂಗಕ್ಕ. ನೂಲು ದಾಟಿ ಮಣೆಯ ಹತ್ತಿರ ಬಂದು, ಬಗ್ಗಿ ನೋಡಿ, ಬೆರಳಿನಿಂದ ಅಂಚನ್ನು ಉಜ್ಜಿ, ಬೆರಳು ಮೂಸಿದಳು. ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಬೀಗತಿಯ ಕಡೆ ತಿರುಗಿ ಎತ್ತರದ ದನಿಯಲ್ಲಿ ಹೇಳಿದಳು.

"ನಾನ ಹಚ್ಚೇನ್ರಿ ಸುಣ್ಣ. ಹಳೇ ಮಣಿ, ಹೊಲಸ ಕಾಣ್ತಿತ್ತಂತ ನಿನ್ನೆ ಸುಣ್ಣದ ನೀರ ಬಳದೆ. ವಯಸ್ಸಾತ ನೋಡ್ರಿ, ಅರಿಷಿಣದ ಮಣಿ ಅನ್ನೂದ ಮರ್ತೆ."

ನನಗೆ ಇದ್ದಿಲಿನ ಆನೆ ಕಣ್ಣ ಮುಂದೆ ಬಂತು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಬಟ್ಟಲಿನ ಅರಿಶಿನ ತೆಗೆದು ಮಣೆಯ ಮೂಲೆಗೆ ತಿಕ್ಕಿದಳು. ಎಲ್ಲರ ಎದುರಿಗೇ ಅದು ಕೆಂಪಾಯಿತು. ಅದನ್ನೇ ಬೆರಳಿಗೆ ತೆಗೆದು ಪಲ್ಲವಿಯ ಹಣೆಗಿಟ್ಟು, "ನೀವು ಆರತಿ ನೀರ ಹೆಂಗ ಮಾಡ್ತೀರವಾ? ನಮ್ಮ ಹುಡುಗಿಗಿ ಮಣೀನ ಆರತಿ ಮಾಡೇತಿ" ಎಂದಳು. ಮೊದಲು ನಕ್ಕವರು ಬೀಗತಿ. "ಮತ್ತ ಹೊರಗ ಆಗಿದ್ರ ಏನಾಗ್ತಿತ್ತಬೇ? ಬಸವಣ್ಣನ ಮಂದಿಗಿ ಎಲ್ಲೀ ಮೈಲಿಗಿ" ಎಂದು ತಮ್ಮ ಕಡೆಯ ಆ ಮುದುಕಿಗೇ ಹೇಳಿ, ತಾವೂ ಒಂದು ಹಿಡಿ ಅರಿಶಿನ ಮಣೆಗೆ ತಿಕ್ಕಿ ಆ ಕೆಂಪನ್ನು ಗಂಗಕ್ಕನ ಎರಡೂ ಕೆನ್ನೆಗೆ ಬಳಿದರು. ಆಮೇಲೆ ಕೇಳಬೇಡಿ. ಹೆಂಗಸರೆಲ್ಲ ಮಣೆಗೆ ಮುಗಿಬಿದ್ದರು. ಬೀಗರು ನಮ್ಮವರಿಗೆ, ನಮ್ಮವರು ಬೀಗರಿಗೆ ಓಕುಳಿ. ಪಲ್ಲವಿ ನಕ್ಕು ನಕ್ಕು ನೂಲಿನ ಮೇಲೆ ಬಿದ್ದಳು. ಸುಮಿತ್ರಾ ಬಹಳ ದಿನದಿಂದ ಬಾಕಿ ಇಟ್ಟಿದ್ದವಳಂತೆ ನನ್ನ ಬೋಳುತಲೆಗೆ ಎರಡೂ ಕೈ ಸವರಿದಳು. ಗದ್ದಲ ಮುಗಿದಾಗ ಮಣೆಯ ನೀಲಿ ಅರ್ಧಕ್ಕರ್ಧ ಹೋಗಿ, ಕೆಂಪು ಕಟ್ಟಿಗೆಯೊಳಗೆ ಇಳಿದಿತ್ತು. ಅದು ಇವತ್ತಿಗೂ ಹೋಗಿಲ್ಲ.

ಹಿತ್ತಿಲಲ್ಲಿ ನಾನು ತಲೆ ತೊಳೆಯುತ್ತಿದ್ದೆ. ಅಕ್ಕ ಬಂದು ಎದುರಿಗೆ ನಿಂತಳು. ಕೆನ್ನೆ ಇನ್ನೂ ಕೆಂಪಗಿತ್ತು.

"ಮಾಸ್ತರ, ಹಳೇ ಸುಣ್ಣ ಸತ್ತಿರ್ತೈತಿ. ಅದು ಅರಿಷಿಣ ಕೆಂಪ ಮಾಡೂದಿಲ್ಲ. ಅವ್ವನ ಮಣಿ ಮ್ಯಾಲ ನಾ ಕುಂತೆ, ನೀ ಕುಂತಿ, ಯಾರದರ ಕೆಂಪಾತೇನ? ಮ್ಯಾಲ ಎರಡ ಬೆರಳ ಗಿಡ್ಡ ಬ್ಯಾರೆ ಆಗೈತಿ. ಖರೆ ಹೇಳು. ಮಣಿ ಎಲ್ಲಿ?"

"ಒಲ್ಯಾಗ ಇಟ್ಟೆ ಅಕ್ಕಾ. ಗೊತ್ತಿಲ್ಲದ. ಹೂ ಅಷ್ಟ ಉಳದಾವು. ಹೂ ಅಸಲಿ ಅದಾವು."

ನಾನು ಹೆದರಿದ್ದ ಆ ಮೌನ ಬಂದೇ ಬಂತು. ಅಕ್ಕ ಹಂಡೆಯ ಒಲೆಯನ್ನು ನೋಡುತ್ತ ನಿಂತಳು. ಕಣ್ಣು ತುಂಬಿದವು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಕಡೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ಈ ಮಣಿ ಇನ್ನ ನನ್ನ ಕಡೆ ಇರಲಿ. ನಿಮ್ಮ ಒಲಿ ಭಾಳ ಹಸದೈತಿ" ಎಂದು ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಅವತ್ತ ನೀರರ ಚಲೋ ಕಾದಿದ್ವೇನೋ?"

"ಭಾಳ ಚಲೋ ಕಾದಿದ್ವು ಅಕ್ಕಾ. ಎರಡ ಬಕೆಟ್ ಹೆಚ್ಚ ಹಾಕ್ಕೊಂಡೆ."

"ಹಂಗಾರ ಅವ್ವ ನಿನಗ ಕಡೇ ಸಲ ಎರದ ಹೋಗ್ಯಾಳ ಬಿಡು" ಎಂದಳು ಗಂಗಕ್ಕ.